ಸಾವಿರ ರೂಪಾಯಿ ಪಿಂಚಣಿ: ಪಿಎಫ್ ಪಾಸ್‌ಬುಕ್ಕಿನ ಮೂರನೆಯ ಕಾಲಂ

ಕರ್ನಾಟಕದಲ್ಲಿ ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಸಿಗುತ್ತದೆ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ 1,200 ರೂಪಾಯಿ. ಇವೆರಡಕ್ಕೂ ಫಲಾನುಭವಿ ಮುಂಚೆ ಒಂದು ಪೈಸೆಯನ್ನೂ ಕಟ್ಟಿರಬೇಕಿಲ್ಲ. ಆದರೆ ಕಾರ್ಖಾನೆಯಲ್ಲೋ ಖಾಸಗಿ ಕಂಪನಿಯಲ್ಲೋ ವರ್ಷಗಟ್ಟಲೆ ದುಡಿದು, ತಿಂಗಳು ತಿಂಗಳೂ ತನ್ನ ಹೆಸರಿನಲ್ಲಿ ಹಣ ಕಟ್ಟಿಸಿಕೊಂಡು 58ಕ್ಕೆ ನಿವೃತ್ತನಾದ ಪಿಎಫ್ ಸದಸ್ಯನಿಗೆ ಕೇಂದ್ರ ಸರ್ಕಾರ ಖಾತರಿ ಕೊಟ್ಟಿರುವ ಕನಿಷ್ಠ ಪಿಂಚಣಿ 1,000 ರೂಪಾಯಿ. ಅದು 2014ರ ಸೆಪ್ಟೆಂಬರ್ 1ರಂದು ನಿಗದಿಯಾದ ಮೊತ್ತ. ಹತ್ತು ವರ್ಷ ಕಳೆದರೂ ಕದಲಲಿಲ್ಲ. ಆಗಿನ ಸಾವಿರಕ್ಕೂ ಈಗಿನ ಸಾವಿರಕ್ಕೂ ಇರುವ ಅಂತರವನ್ನು ಅಡುಗೆ ಎಣ್ಣೆ ಕೊಳ್ಳುವವರಿಗೆ ವಿವರಿಸಬೇಕಿಲ್ಲ.

ಇಷ್ಟು ಕಡಿಮೆ ಯಾಕೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರವೊಂದಿದೆ: ನಮ್ಮ ಜನಕ್ಕೆ ಉಳಿತಾಯದ ಶಿಸ್ತಿಲ್ಲ, ಕೆಲಸ ಬಿಟ್ಟ ಕೂಡಲೇ ಪಿಎಫ್ ತೆಗೆಸಿ ಖರ್ಚು ಮಾಡುತ್ತಾರೆ, ಆಮೇಲೆ ಮುಪ್ಪಿನಲ್ಲಿ ಪರದಾಡುತ್ತಾರೆ. ಸರ್ಕಾರದ ಅನೇಕ ನಿಯಮಗಳ ಹಿಂದೆ ಇರುವುದೂ ಇದೇ ನಂಬಿಕೆ. ಇದರಲ್ಲಿ ಒಂದಿಷ್ಟು ನಿಜವಿದ್ದರೂ ದೊಡ್ಡ ದೋಷ ಕಾರ್ಮಿಕರ ಕೈಯಲ್ಲಿಲ್ಲ, ಲೆಕ್ಕದ ಸೂತ್ರದಲ್ಲಿದೆ ಎಂಬುದು ನನ್ನ ವಾದ. ಸೂತ್ರ ತಿಳಿಯಬೇಕಾದರೆ ಪಾಸ್‌ಬುಕ್ ಬಿಡಿಸಬೇಕು.

ತಿಂಗಳಿಗೆ 12,000 ರೂಪಾಯಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಇರುವ ಒಬ್ಬ ಟೈಲರ್‌ ಖಾತೆಯನ್ನು ಇಟ್ಟುಕೊಳ್ಳೋಣ. ಆಕೆಯ ಸಂಬಳದಿಂದ ಶೇ 12, ಅಂದರೆ 1,440 ರೂಪಾಯಿ ಕಡಿತವಾಗುತ್ತದೆ. ಮಾಲೀಕರೂ ಅಷ್ಟೇ ಮೊತ್ತ ಕಟ್ಟಬೇಕು. ಆದರೆ ಪಾಸ್‌ಬುಕ್ಕಿನಲ್ಲಿ ಎರಡು ಕಡೆ 1,440 ಕಾಣುವುದಿಲ್ಲ. ನೌಕರರ ಪಾಲು 1,440, ಮಾಲೀಕರ ಪಾಲು 440, ಪಿಂಚಣಿ ವಂತಿಗೆ 1,000 ಎಂದು ಮೂರು ಕಾಲಂಗಳಿರುತ್ತವೆ. ಮಾಲೀಕರ ಶೇ 12ರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದ ಶೇ 3.67 ಮಾತ್ರ ಪಿಎಫ್ ಖಾತೆಗೆ ಸೇರುತ್ತದೆ. ವರ್ಷದ ಕೊನೆಯಲ್ಲಿ ಮೊದಲ ಎರಡು ಕಾಲಂಗಳಿಗೆ ಬಡ್ಡಿ ಜಮೆಯಾಗುತ್ತದೆ. 2024-25ರ ದರ ಶೇ 8.25. ಮೂರನೆಯದಕ್ಕೆ ಬಡ್ಡಿ ಸೊನ್ನೆ. ಅನೇಕರು ಇದನ್ನು ಕಂಡು ಮೋಸವಾಯಿತೆಂದು ಗಾಬರಿಯಾಗುತ್ತಾರೆ. ಮೋಸವೇನಲ್ಲ. ಆ ಸಾವಿರ ರೂಪಾಯಿ ಆಕೆಯ ಸ್ವಂತ ಖಾತೆಯ ದುಡ್ಡಾಗಿ ಉಳಿಯುವುದಿಲ್ಲ, ದೇಶದ ಎಲ್ಲ ಸದಸ್ಯರ ವಂತಿಗೆ ಸೇರುವ ಒಂದೇ ಹುಂಡಿಗೆ ಬೀಳುತ್ತದೆ. ಕೇಂದ್ರ ಸರ್ಕಾರ ಅದಕ್ಕೆ ವೇತನದ ಶೇ 1.16ರಷ್ಟನ್ನು ಸೇರಿಸುತ್ತದೆ. ಮುಂದೆ ಆಕೆಗೆ ಎಷ್ಟು ಸಿಗಬೇಕು ಎಂಬುದನ್ನು ಹುಂಡಿಯಲ್ಲಿ ಎಷ್ಟು ಬಿತ್ತು ಎನ್ನುವುದು ತೀರ್ಮಾನಿಸುವುದಿಲ್ಲ.

ತೀರ್ಮಾನಿಸುವುದು ಒಂದು ಸರಳ ಗುಣಾಕಾರ. ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯ ಜೀವಾಳವೇ ಇದು. 12,000 ರೂಪಾಯಿಗೆ ಹತ್ತು ವರ್ಷ ದುಡಿದರೆ ತಿಂಗಳಿಗೆ 1,714 ರೂಪಾಯಿ. ಇಪ್ಪತ್ತು ವರ್ಷ ತುಂಬಿದವರಿಗೆ ಎರಡು ವರ್ಷದ ಬೋನಸ್ ಸೇವೆ ಸೇರುತ್ತದೆ. ಆಗ 22ರಿಂದ ಗುಣಿಸಿ 3,771 ರೂಪಾಯಿ.

ಸಂಬಳ ಹೆಚ್ಚಿದ್ದವರ ಕಥೆ ಬೇರೆ ಇರಬಹುದೆಂದು ಅಂದುಕೊಂಡರೆ ಅಲ್ಲಿ ವೇತನ ಮಿತಿ ಅಡ್ಡ ನಿಂತಿದೆ. ಪಿಂಚಣಿಯ ಲೆಕ್ಕಕ್ಕೆ ಹಿಡಿಯುವ ಸಂಬಳ ಹೆಚ್ಚೆಂದರೆ 15,000 ರೂಪಾಯಿ. ಕೈಗೆ 60,000 ಬರುತ್ತಿದ್ದರೂ ಸೂತ್ರದ ಕಣ್ಣಿಗೆ ಅದು ಹದಿನೈದೇ. 33 ವರ್ಷ ಒಂದೇ ಸಮನೆ ದುಡಿದು ಬೋನಸ್ ಸೇರಿ 35 ವರ್ಷ ಗಳಿಸಿದರೂ ಬರುವುದು 7,500. ಅದೂ ಪೂರಾ ಸೇವೆ 2014ರ ಸೆಪ್ಟೆಂಬರ್ ನಂತರದ್ದಾದರೆ ಮಾತ್ರ, ಅಂದರೆ ಆ ಲೆಕ್ಕದಲ್ಲಿ ಈ ಮೊತ್ತ ಪಡೆಯುವ ಮನುಷ್ಯ ಇನ್ನೂ ನಿವೃತ್ತನೇ ಆಗಿಲ್ಲ. 2014ಕ್ಕೆ ಮುಂಚಿನ ವರ್ಷಗಳಿಗೆ ಹಳೆಯ ಮಿತಿಯಾದ 6,500 ರೂಪಾಯಿಯಂತೆಯೇ ಲೆಕ್ಕ. 2004ರಲ್ಲಿ ಸೇರಿ 2024ರಲ್ಲಿ ನಿವೃತ್ತರಾದವರಿಗೆ, ಬೋನಸ್ ಬಿಟ್ಟು ನೋಡಿದರೆ, ಮೊದಲ ಹತ್ತು ವರ್ಷಕ್ಕೆ 929 ರೂಪಾಯಿ, ಮುಂದಿನ ಹತ್ತಕ್ಕೆ 2,143. ಕೊನೆಯ ಸಂಬಳ ಎಷ್ಟೇ ಇದ್ದಿರಲಿ.

ಈ ಮಿತಿ ಏರಿದ ರೀತಿಯನ್ನು ಗಮನಿಸಿ. 1952ರಲ್ಲಿ ಪಿಎಫ್ ಕಾನೂನು ಬಂದಾಗ 300 ರೂಪಾಯಿ ಇತ್ತು. 1985ರಲ್ಲಿ 2,500, 1990ರಲ್ಲಿ 3,500, 1994ರಲ್ಲಿ 5,000, 2001ರಲ್ಲಿ 6,500. 1985ರಿಂದ 2001ರವರೆಗೆ ನಾಲ್ಕರಿಂದ ಏಳು ವರ್ಷಕ್ಕೊಮ್ಮೆಯಾದರೂ ಏರುತ್ತಿದ್ದದ್ದು, ಆಮೇಲೆ 13 ವರ್ಷ ನಿಂತಲ್ಲೇ ನಿಂತಿತು. 2014ರಲ್ಲಿ 15,000 ಆಯಿತು, ಮತ್ತೆ ಹತ್ತು ವರ್ಷ ದಾಟುವವರೆಗೂ ಅಲ್ಲೇ ಕೂತಿತು. ಆರ್ಥಿಕತೆ ವೇಗವಾಗಿ ಬೆಳೆದ ವರ್ಷಗಳಲ್ಲೇ ಪಿಂಚಣಿಯ ಅಳತೆಗೋಲು ನಿಂತುಹೋದದ್ದು ಕಾಕತಾಳೀಯವಿರಲಾರದು. ಮಿತಿ ಏರಿದರೆ ಮಾಲೀಕರ ಹೊರೆಯೂ ಏರುತ್ತದೆ, ಸರ್ಕಾರದ ಶೇ 1.16ರ ಬಾಬ್ತೂ ಏರುತ್ತದೆ.

ಇಷ್ಟಾದರೂ ಒಂದೇ ಕಡೆ ಮೂವತ್ತು ವರ್ಷ ಇದ್ದವರಿಗೆ ಸೂತ್ರ ಒಂದಿಷ್ಟಾದರೂ ಕೊಡುತ್ತದೆ. ಬೆಂಗಳೂರಿನ ಹಳೆಯ ಸಾರ್ವಜನಿಕ ಉದ್ದಿಮೆಗಳ ಕಾಲದಲ್ಲಿ ಅಂಥ ನೌಕರಿ ಇತ್ತು: ಇಪ್ಪತ್ತೆರಡಕ್ಕೆ ಸೇರುವುದು, ಐವತ್ತೆಂಟಕ್ಕೆ ಹಾರ ಹಾಕಿಸಿಕೊಂಡು ಬರುವುದು. ಯೋಜನೆಯನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಆ ಮನುಷ್ಯನೇ. ಇವತ್ತು ಪಿಎಫ್ ಕಟ್ಟುವ ದೊಡ್ಡ ಸಮೂಹ ಅಂಥದ್ದಲ್ಲ.

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ಮದ್ದೂರು ಕಡೆಯ ಗಾರ್ಮೆಂಟ್ಸ್‌ಗಳನ್ನೇ ನೋಡಿ. ಕೆಲಸಗಾರರಲ್ಲಿ ಬಹುಪಾಲು ಹೆಂಗಸರು. ಹೆಲ್ಪರ್ ಆಗಿ ಸೇರಿ ಟೈಲರ್ ಆಗುತ್ತಾರೆ, ಹೆರಿಗೆಗೆ ಬಿಡುತ್ತಾರೆ, ಮಗು ಅಂಗನವಾಡಿಗೆ ಹೋಗುವಷ್ಟಾದ ಮೇಲೆ ಬೇರೆ ಫ್ಯಾಕ್ಟರಿಗೆ ಸೇರುತ್ತಾರೆ. ಅತ್ತೆಗೆ ಕಾಯಿಲೆಯಾದರೆ ಮತ್ತೆ ಬಿಡುತ್ತಾರೆ. ಕೆಲವೊಮ್ಮೆ ಫ್ಯಾಕ್ಟರಿಯೇ ಊರು ಬದಲಿಸುತ್ತದೆ. ಪ್ರತಿ ಸಲ ಬಿಟ್ಟಾಗಲೂ ‘ಪಿಎಫ್ ತೆಗೆಸುವುದು’ ಒಂದು ರೂಢಿ. ಸಂಘದ ಸಾಲ ತೀರಿಸಲು, ಚೀಟಿ ಕಟ್ಟಲು, ಮನೆಯ ಭೋಗ್ಯಕ್ಕೆ, ಮಗಳ ಕಾಲೇಜು ಫೀಸಿಗೆ ಕೈಗೆ ಒಟ್ಟಾಗಿ ಸಿಗುವ ದೊಡ್ಡ ಮೊತ್ತ ಇದೊಂದೇ. ಎಷ್ಟೋ ಜನ ಈ ದುಡ್ಡಿಗಾಗಿಯೇ ರಾಜೀನಾಮೆ ಕೊಟ್ಟು, ಕೆಲವು ತಿಂಗಳ ನಂತರ ಹೊಸದಾಗಿ ಸೇರುತ್ತಾರೆ. ಬ್ಯಾಂಕು ಅವರಿಗೆ ಸಾಲ ಕೊಡುವುದಿಲ್ಲ. ಹಾಗಾಗಿ ಅವರು ತಮ್ಮ ಮುಪ್ಪಿನಿಂದಲೇ ಸಾಲ ಪಡೆಯುತ್ತಾರೆ.

ಈ ದುಡ್ಡಿಗೆ ಬೀಗ ಹಾಕಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2016ರಲ್ಲಿ ಕಂಡಿದೆ. ಆ ವರ್ಷದ ಫೆಬ್ರುವರಿ 10ರಂದು ಕೇಂದ್ರ ಒಂದು ಅಧಿಸೂಚನೆ ಹೊರಡಿಸಿತು: ಕೆಲಸ ಬಿಟ್ಟವರು ತಮ್ಮ ಪಾಲನ್ನು ಬಡ್ಡಿ ಸಮೇತ ಪಡೆಯಬಹುದು, ಮಾಲೀಕರ ಪಾಲು ಮಾತ್ರ 58 ವರ್ಷ ಆಗುವ ತನಕ ಸಿಗುವುದಿಲ್ಲ. ದೆಹಲಿಯ ಕಡತದಲ್ಲಿ ಇದು ಸಾಮಾಜಿಕ ಭದ್ರತೆ. ಏಪ್ರಿಲ್ 18ರ ಬೆಳಿಗ್ಗೆ ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಂಗಸರು ಗೇಟಿನಿಂದ ಹೊರಗೆ ಬಂದು ರಸ್ತೆಯಲ್ಲಿ ಕೂತರು. ಯಾವ ದೊಡ್ಡ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ, ಭಾಷಣ ಮಾಡುವ ನಾಯಕರಿರಲಿಲ್ಲ. ಒಂದು ಫ್ಯಾಕ್ಟರಿಯಿಂದ ಇನ್ನೊಂದಕ್ಕೆ ಮೊಬೈಲಿನಲ್ಲಿ, ಬಾಯಿಮಾತಿನಲ್ಲಿ ಸುದ್ದಿ ಹೋಯಿತು. ಮರುದಿನ ತುಮಕೂರು ರಸ್ತೆಗೂ ಹಬ್ಬಿತು. ಜಾಲಹಳ್ಳಿ ಕ್ರಾಸ್ ಬಳಿ ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು. 19ರ ಸಂಜೆಯೊಳಗೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿದರು. ಎರಡೇ ದಿನದಲ್ಲಿ ಕೇಂದ್ರದ ನಿಯಮವೊಂದನ್ನು ಬೀದಿಗಿಳಿದ ಹೆಂಗಸರು ಮಗುಚಿ ಹಾಕಿದ ಪ್ರಸಂಗ ಈ ರಾಜ್ಯದಲ್ಲಿ ಇನ್ನೊಂದು ನನಗೆ ನೆನಪಾಗುತ್ತಿಲ್ಲ.

ಆಗ ಕೆಲವು ಅರ್ಥತಜ್ಞರು ತಲೆ ಚಚ್ಚಿಕೊಂಡಿದ್ದರು: ತಮ್ಮ ಒಳ್ಳೆಯದಕ್ಕೆ ಮಾಡಿದ್ದನ್ನೇ ಇವರು ವಿರೋಧಿಸುತ್ತಿದ್ದಾರಲ್ಲ ಎಂದು. ಅವರು ಲೆಕ್ಕ ಹಾಕಿ ನೋಡಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಅಂದು ಜಗಳವಾದದ್ದು ಪಿಎಫ್ ಪಾಲಿನ ಬಗ್ಗೆ ನಿಜ, ಆದರೆ ‘ಇರಲಿ ಬಿಡು, ಮುಪ್ಪಿಗಾಗುತ್ತದೆ’ ಎಂಬ ಮಾತನ್ನು ಆ ಹೆಂಗಸರು ಯಾಕೆ ನಂಬುವುದಿಲ್ಲ ಎಂಬುದಕ್ಕೆ ಉತ್ತರ ಇರುವುದು ಮೂರನೆಯ ಕಾಲಂನಲ್ಲಿ.

ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಅದಕ್ಕಿಂತ ಮುಂಚೆ ಬಿಟ್ಟವರು ಪಿಂಚಣಿ ವಂತಿಗೆಯನ್ನು ಹಿಂಪಡೆಯಬಹುದು. ಯೋಜನೆಯ ಪಟ್ಟಿಯ ಪ್ರಕಾರ ಸಿಗುವುದು ದುಡಿದ ವರ್ಷಕ್ಕೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಶೇ 8.33 ಎಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳವೇ ತಾನೆ? ಅಂದರೆ ಕಟ್ಟಿದ್ದು ಹೆಚ್ಚುಕಡಿಮೆ ಹಾಗೇ ವಾಪಸು ಬರುತ್ತದೆ, ಬಡ್ಡಿ ಎಂಬುದು ಹೆಸರಿಗಷ್ಟೇ. ಒಂಬತ್ತು ವರ್ಷಕ್ಕೆ ನಮ್ಮ ಟೈಲರ್‌ಗೆ ಒಂದು ಲಕ್ಷದ ಮೇಲೆ ಸ್ವಲ್ಪ ಸಿಗುತ್ತದೆ. ಹತ್ತು ವರ್ಷ ತುಂಬಿದರೆ ಆ ಬಾಗಿಲು ಮುಚ್ಚುತ್ತದೆ. ಆಮೇಲೆ ಹಣ ಒಟ್ಟಾಗಿ ಸಿಗುವುದಿಲ್ಲ, ಪಿಂಚಣಿಯಾಗಿಯೇ ಬರಬೇಕು. ‘ಹತ್ತು ವರ್ಷ ಆಗುವ ಮೊದಲೇ ತೆಗೆಸಿಬಿಡು’ ಎಂಬ ಬುದ್ಧಿಮಾತು ಫ್ಯಾಕ್ಟರಿಗಳಲ್ಲಿ ಕೇಳಿಬರುವುದು ಇದಕ್ಕೇ.

ಅದು ಕೆಟ್ಟ ಬುದ್ಧಿಮಾತೇ? ಇಪ್ಪತ್ತೆರಡಕ್ಕೆ ಸೇರಿ ಮೂವತ್ತೆರಡಕ್ಕೆ, ಹತ್ತು ವರ್ಷ ತುಂಬಿಸಿ, ಶಾಶ್ವತವಾಗಿ ಕೆಲಸ ಬಿಟ್ಟು ಊರಿಗೆ ಹೋದವಳನ್ನು ಊಹಿಸಿಕೊಳ್ಳಿ. ಆಕೆಯ ಪಿಂಚಣಿ 1,714 ರೂಪಾಯಿ ಎಂದು ಅಂದೇ ನಿಶ್ಚಯವಾಗಿಬಿಡುತ್ತದೆ. ಕೈಗೆ ಬರುವುದು 26 ವರ್ಷಗಳ ನಂತರ, 58 ತುಂಬಿದ ಮೇಲೆ. ಈ ನಡುವೆ ಅದು ಒಂದು ರೂಪಾಯಿಯೂ ಬೆಳೆಯುವುದಿಲ್ಲ, ಯಾಕೆಂದರೆ ಸೂತ್ರ ಹಿಡಿಯುವುದು ಬಿಟ್ಟ ದಿನದ ಹಿಂದಿನ 60 ತಿಂಗಳ ಸರಾಸರಿ ಸಂಬಳವನ್ನು. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೂ ಆ ಹೊತ್ತಿಗೆ 1,714 ರೂಪಾಯಿಯ ಕೊಳ್ಳುವ ಶಕ್ತಿ ಇಂದಿನ 480ರ ಆಸುಪಾಸಿಗೆ ಇಳಿದಿರುತ್ತದೆ. 50 ತುಂಬಿದ ಮೇಲೆ ಮುಂಚಿತವಾಗಿ ಪಡೆಯಬಹುದು, ಆದರೆ 58ಕ್ಕೆ ಎಷ್ಟು ವರ್ಷ ಬಾಕಿಯೋ ಅಷ್ಟು ಸಲ ಶೇ 4 ಕಡಿತ. ಇಂಥವಳು ಒಂಬತ್ತು ವರ್ಷಕ್ಕೇ ಒಂದು ಲಕ್ಷ ತೆಗೆಸಿ ಬಂಗಾರ ಕೊಂಡಿದ್ದರೂ ಮೇಲು. ಶಿಸ್ತಿಲ್ಲದವಳು ಎಂದು ಕರೆಯುವವರು ಈ ಲೆಕ್ಕವನ್ನು ಒಮ್ಮೆ ತಪ್ಪೆಂದು ತೋರಿಸಲಿ.

ಆದರೆ ಅದೇ ಸೂತ್ರ, ಮರಳಿ ಕೆಲಸಕ್ಕೆ ಬರುವವಳ ವಿಷಯದಲ್ಲಿ ತಿರುಗಿ ನಿಲ್ಲುತ್ತದೆ. ಒಂಬತ್ತು ವರ್ಷ ದುಡಿದು ಬಿಟ್ಟು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಸೇರಿ 58ರವರೆಗೆ ಹನ್ನೊಂದು ವರ್ಷ ದುಡಿದವಳ ಕೊನೆಯ ವರ್ಷಗಳ ಸಂಬಳ 15,000 ಮುಟ್ಟಿದೆ ಎನ್ನೋಣ. ಮೊದಲ ಒಂಬತ್ತು ವರ್ಷದ ವಂತಿಗೆಯನ್ನು ತೆಗೆಸಿದ್ದರೆ ಹನ್ನೊಂದೇ ವರ್ಷ ಲೆಕ್ಕಕ್ಕೆ: 2,357 ರೂಪಾಯಿ. ತೆಗೆಸದೆ ಇದ್ದಿದ್ದರೆ ಒಟ್ಟು ಇಪ್ಪತ್ತು, ಬೋನಸ್ ಸೇರಿ ಇಪ್ಪತ್ತೆರಡು: 4,714 ರೂಪಾಯಿ. ಸರಿಯಾಗಿ ಎರಡರಷ್ಟು. ಹಳೆಯ ಒಂಬತ್ತು ವರ್ಷಗಳಿಗೂ ಹೊಸ ಸಂಬಳವೇ ಅನ್ವಯವಾಗುವುದರಿಂದ ಈ ಜಿಗಿತ. ಅಂದಿನ ಒಂದು ಲಕ್ಷಕ್ಕೆ ಬದಲಾಗಿ ಮುಪ್ಪಿನಲ್ಲಿ ಸಾಯುವ ತನಕ ತಿಂಗಳಿಗೆ 2,357 ಹೆಚ್ಚು.

ಹಾಗಾದರೆ ಒಂಬತ್ತು ವರ್ಷ ದುಡಿದು ಕೆಲಸ ಬಿಡುವಾಗ ಆಕೆ ತೀರ್ಮಾನಿಸಬೇಕಾದ್ದು ಏನನ್ನು? ಮುಂದೆ ಎಂದಾದರೂ ಪಿಎಫ್ ಇರುವ ನೌಕರಿಗೆ ಮರಳುತ್ತೇನೋ ಇಲ್ಲವೋ ಎಂಬುದನ್ನು. ಯಾರಿಗೆ ಗೊತ್ತಿರುತ್ತದೆ ಅದು? ಅದಕ್ಕಿಂತ ವಿಚಿತ್ರವೆಂದರೆ, ಆ ತೀರ್ಮಾನವಾಗುವ ಜಾಗ ಬಹುತೇಕ ಸೈಬರ್ ಸೆಂಟರ್. ಅಲ್ಲಿ ಕೂತವನಿಗೆ ಗೊತ್ತಿರುವುದು ಎರಡು ನಮೂನೆ: ಪಿಎಫ್ ಪಾಲಿಗೆ 19, ಪಿಂಚಣಿ ಪಾಲಿಗೆ 10ಸಿ. ಎರಡನ್ನೂ ಒಟ್ಟಿಗೆ ಒತ್ತಿ ಸಲ್ಲಿಸಿ ಶುಲ್ಕ ತೆಗೆದುಕೊಳ್ಳುತ್ತಾನೆ. ಮೊದಲನೆಯದನ್ನು ತೆಗೆಸಿ ಎರಡನೆಯದನ್ನು ಹಾಗೇ ಉಳಿಸಬಹುದು, ಅದೇ 10ಸಿ ನಮೂನೆಯಲ್ಲಿ ಹಣದ ಬದಲು ಸೇವಾವಧಿಯ ಸ್ಕೀಮ್ ಸರ್ಟಿಫಿಕೇಟ್ ಪಡೆಯಬಹುದು ಎಂದು ಹೇಳುವವರು ವಿರಳ.

2025ರ ಅಕ್ಟೋಬರ್ 13ರಂದು ಪಿಎಫ್ ಸಂಸ್ಥೆಯ ಕೇಂದ್ರೀಯ ಟ್ರಸ್ಟಿಗಳ ಮಂಡಳಿ ಈ ವಿಷಯಕ್ಕೆ ಮತ್ತೆ ಕೈ ಹಾಕಿತು. ಹಣ ತೆಗೆಯುವ 13 ಬಗೆಯ ಕಾರಣಗಳನ್ನು ಮೂರಕ್ಕೆ ಇಳಿಸಿತು. ಖಾತೆಯಲ್ಲಿ ಶೇ 25 ಉಳಿಸಿಕೊಂಡು ಮಿಕ್ಕ ಶೇ 75ನ್ನು ಸುಲಭವಾಗಿ ಪಡೆಯಬಹುದು ಎಂದಿತು. ಕೆಲಸ ಹೋದವರು ಪೂರ್ತಿ ಹಣ ಪಡೆಯಲು ಹಿಂದೆ ಎರಡು ತಿಂಗಳು ಕಾಯಬೇಕಿತ್ತು, ಅದನ್ನು 12 ತಿಂಗಳಿಗೆ ಏರಿಸಿತು. ಪಿಂಚಣಿ ಪಾಲಿಗೆ ಎರಡು ತಿಂಗಳಿದ್ದದ್ದು 36 ತಿಂಗಳು. ಪ್ರಕಟವಾದ ದಿನ ಒಂದಿಷ್ಟು ಗದ್ದಲವೆದ್ದಿತು, ಆದರೆ ರಸ್ತೆಗೆ ಯಾರೂ ಬರಲಿಲ್ಲ. ಮುಕ್ಕಾಲು ಭಾಗ ಕೂಡಲೇ ಸಿಗುತ್ತದೆಂಬುದೇ ಕಾರಣವಿರಬೇಕು. 2016ರ ಪಾಠ ಅಷ್ಟರ ಮಟ್ಟಿಗೆ ತಲುಪಿದೆ. ಪಿಂಚಣಿಗೆ 36 ತಿಂಗಳ ತಡೆ ಸರಿಯಾದ ಹೆಜ್ಜೆ ಎಂದೇ ನನ್ನ ಎಣಿಕೆ. ಎರಡು ಫ್ಯಾಕ್ಟರಿಗಳ ನಡುವಿನ ಬಿಡುವಿನಲ್ಲಿ ಒಂಬತ್ತು ವರ್ಷದ ಸೇವೆ ಅಳಿಸಿಹೋಗುವುದನ್ನು ಅದು ತಪ್ಪಿಸುತ್ತದೆ. ಆದರೆ ಮರಳಿ ಬಾರದವಳ ಪಿಂಚಣಿ ಬೆಳೆಯದೆ ಕೊಳೆಯುವ ಸಮಸ್ಯೆಯನ್ನು ಅದು ಮುಟ್ಟುವುದೇ ಇಲ್ಲ. ಹಣ ಹಿಡಿದಿಡುವವರು ಹಿಡಿದಿಟ್ಟ ಅವಧಿಗೆ ಏನಾದರೂ ಕೊಡಬೇಕಲ್ಲವೇ?

ಹೆಚ್ಚಿನ ಪಿಂಚಣಿಯ ಗಲಾಟೆಯನ್ನು ಇಲ್ಲಿ ಚಿಕ್ಕದಾಗಿ ಮುಗಿಸುತ್ತೇನೆ. ಮಿತಿಯ ಬದಲು ನಿಜವಾದ ಸಂಬಳದ ಮೇಲೆ ವಂತಿಗೆ ಕಟ್ಟಿ ಪಿಂಚಣಿ ಪಡೆಯುವ ಅವಕಾಶದ ಬಗ್ಗೆ ಸುಪ್ರೀಂ ಕೋರ್ಟ್ 2022ರ ನವೆಂಬರ್ 4ರಂದು ತೀರ್ಪು ಕೊಟ್ಟಿತು. ಸುಮಾರು ಹದಿನೇಳೂವರೆ ಲಕ್ಷ ಅರ್ಜಿಗಳು ಬಂದವು. ಅದಕ್ಕೆ ಒಪ್ಪಿದವರು ಹಿಂದಿನ ವರ್ಷಗಳ ವ್ಯತ್ಯಾಸದ ವಂತಿಗೆಯನ್ನು ಬಡ್ಡಿ ಸಮೇತ ಪಿಂಚಣಿ ನಿಧಿಗೆ ತುಂಬಬೇಕು, ಎಷ್ಟೋ ಜನರಿಗೆ ಅದು ಹಲವು ಲಕ್ಷ. ಒಳ್ಳೆಯ ಸಂಬಳದ, ಉದ್ದ ಸೇವೆಯ ನೌಕರರ ಹೋರಾಟ ಅದು. ಟೈಲರ್‌ಗೆ ಅದರಿಂದ ಏನೂ ಇಲ್ಲ. ಅತ್ತ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ 2014ರ ಸೆಪ್ಟೆಂಬರ್ ನಂತರ 15,000ಕ್ಕಿಂತ ಹೆಚ್ಚಿನ ಸಂಬಳಕ್ಕೆ ಮೊದಲ ನೌಕರಿಗೆ ಸೇರಿದವರು ಈ ಪಿಂಚಣಿ ಯೋಜನೆಯ ಒಳಗೇ ಇಲ್ಲ. ಮಾಲೀಕರ ಪೂರ್ತಿ ಪಾಲು ಅವರ ಪಿಎಫ್ ಖಾತೆಗೇ ಹೋಗುತ್ತದೆ.

ಸರ್ಕಾರದ ವಾದವನ್ನೂ ಕೇಳಬೇಕು. ಹುಂಡಿಗೆ ಬೀಳುವುದು ಶೇ 8.33 ಮತ್ತು ಶೇ 1.16, ಕೊಡಬೇಕಾದ ಪಿಂಚಣಿಗಳ ಒಟ್ಟು ಭಾರ ಅದಕ್ಕೆ ಹೊಂದುವುದಿಲ್ಲ, ಕನಿಷ್ಠ ಸಾವಿರಕ್ಕೂ ಬಜೆಟ್‌ನಿಂದ ಹಣ ಹಾಕುತ್ತಿದ್ದೇವೆ ಎನ್ನುತ್ತದೆ. ಸುಳ್ಳಲ್ಲ. 78 ಲಕ್ಷಕ್ಕೂ ಹೆಚ್ಚು ಪಿಂಚಣಿದಾರರಿರುವ ಯೋಜನೆಯಲ್ಲಿ ಎಲ್ಲರಿಗೂ ತುಟ್ಟಿಭತ್ಯೆ ಸೇರಿಸಿ 7,500 ಕೊಡಿ ಎಂಬ ಪಿಂಚಣಿದಾರರ ಸಂಘಟನೆಗಳ ಬೇಡಿಕೆ ಈಗಿನ ವಂತಿಗೆಯಲ್ಲಿ ನಡೆಯುವಂಥದ್ದಲ್ಲ. ಆದರೆ ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿ ಸಮಿತಿ 3,000 ರೂಪಾಯಿ ಕನಿಷ್ಠವಿರಲಿ ಎಂದದ್ದು 2013ರಲ್ಲಿ. ಅದನ್ನೂ ಕೊಡಲಿಲ್ಲ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕೇಂದ್ರ ನೌಕರರ ಏಕೀಕೃತ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಸೇವೆಗೆ ಕನಿಷ್ಠ 10,000 ರೂಪಾಯಿ, ಮೇಲೆ ತುಟ್ಟಿ ಪರಿಹಾರ. ಅಲ್ಲಿ ಸರ್ಕಾರ ಕಟ್ಟುವುದು ವೇತನದ ಶೇ 18.5, ಇಲ್ಲಿ ಶೇ 1.16. ಒಂದೇ ಖಜಾನೆ, ಒಂದೇ ಹತ್ತು ವರ್ಷ. ಅಲ್ಲಿ ಸರ್ಕಾರವೇ ಮಾಲೀಕ, ಇಲ್ಲಿ ಅಲ್ಲ ಎಂಬ ಸಮಜಾಯಿಷಿಯನ್ನು ಒಪ್ಪಿದರೂ ಹತ್ತು ಪಟ್ಟಿನ ಅಂತರ ವಿವರಿಸಿದಂತಾಗುವುದಿಲ್ಲ.

ದೊಡ್ಡ ಮೊತ್ತದ ಘೋಷಣೆಗಿಂತ ಎರಡು ಸಣ್ಣ ತಿದ್ದುಪಡಿಗಳು ನನಗೆ ಮುಖ್ಯವಾಗಿ ಕಾಣುತ್ತವೆ. ಕೆಲಸ ಬಿಟ್ಟ ದಿನದ ಸಂಬಳವನ್ನು 58 ತುಂಬುವವರೆಗೆ ಬೆಲೆ ಸೂಚ್ಯಂಕದೊಂದಿಗೆ ಏರಿಸಿಕೊಂಡು ಹೋಗಬೇಕು. ಆಗ ಮೂವತ್ತೆರಡಕ್ಕೆ ಬಿಟ್ಟವಳ ಹತ್ತು ವರ್ಷಕ್ಕೂ ಬೆಲೆ ಉಳಿಯುತ್ತದೆ, ‘ತೆಗೆಸಿಬಿಡು’ ಎಂಬ ಮಾತು ತಾನಾಗಿ ಬಲ ಕಳೆದುಕೊಳ್ಳುತ್ತದೆ. ವೇತನ ಮಿತಿಯನ್ನು ಸಚಿವರ ಮರ್ಜಿಗೆ ಬಿಡದೆ ವರ್ಷ ವರ್ಷ ತಾನೇ ಏರುವಂತೆ ಮಾಡಬೇಕು. 13 ವರ್ಷಕ್ಕೊಮ್ಮೆ ಎರಡು ಪಟ್ಟಿಗೂ ಮೇಲೆ ಹಾರಿಸುವುದಕ್ಕಿಂತ ಮಾಲೀಕರಿಗೂ ಅದೇ ಹಗುರ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕಾರ್ಮಿಕ ಸಂಹಿತೆಗಳು, ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ಹೆಚ್ಚುವರಿಯನ್ನು ವೇತನವೆಂದೇ ಎಣಿಸಬೇಕು ಎನ್ನುತ್ತವೆ. ಮೂಲ ವೇತನವನ್ನು ಕುಗ್ಗಿಸಿ ಪಿಎಫ್ ಉಳಿಸುವ ಮಾಲೀಕರ ಹಳೆಯ ಉಪಾಯಕ್ಕೆ ಇದರಿಂದ ಪೆಟ್ಟು ಬೀಳಬಹುದು. ಆದರೆ 15,000ದ ಮಿತಿ ಇರುವ ತನಕ ಅದರ ಮೇಲಿನವರಿಗೆ ಪಿಂಚಣಿಯಲ್ಲಿ ವ್ಯತ್ಯಾಸವಾಗುವುದಿಲ್ಲ.

ಸದ್ಯಕ್ಕೆ ಕೆಲಸ ಬಿಡುವ ಯೋಚನೆಯಲ್ಲಿರುವವರು ನೋಡಿಕೊಳ್ಳಬೇಕಾದ್ದಿಷ್ಟು. ಒಂಬತ್ತು ವರ್ಷ ಆರು ತಿಂಗಳ ಸೇವೆಯನ್ನು ಹತ್ತೆಂದೇ ಎಣಿಸಲಾಗುತ್ತದೆ. ಒಂಬತ್ತು ವರ್ಷ ಮೂರು ತಿಂಗಳಾಗಿದ್ದರೆ ಮತ್ತೆ ಮೂರು ತಿಂಗಳು ತಡೆದುಕೊಳ್ಳುವುದೋ ಈಗಲೇ ಬಿಡುವುದೋ ಎಂಬುದನ್ನು ಮೇಲಿನ ಲೆಕ್ಕ ನೋಡಿ ನಿರ್ಧರಿಸಬೇಕು. ಹಳೆಯ ಫ್ಯಾಕ್ಟರಿಯ ಸೇವೆ ಬೇರೆ ಯುಎಎನ್ (ಪಿಎಫ್ ಸದಸ್ಯರಿಗೆ ಕೊಡುವ ಸಾರ್ವತ್ರಿಕ ಖಾತೆ) ಸಂಖ್ಯೆಯಲ್ಲಿ ಉಳಿದಿದ್ದರೆ ಅದು ತಾನಾಗಿ ಸೇರಿಕೊಳ್ಳುವುದಿಲ್ಲ, ವರ್ಗಾಯಿಸಿಕೊಳ್ಳಬೇಕು. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’ ಎಂದಿದ್ದು ಪಿಎಫ್‌ನಲ್ಲಿ ಇನಿಷಿಯಲ್ ಸೇರಿದ ‘ಲಕ್ಷ್ಮಿ’ ಆಗಿದ್ದರೆ ಈಗಲೇ, ಫ್ಯಾಕ್ಟರಿ ಬಾಗಿಲು ತೆರೆದಿರುವಾಗಲೇ ತಿದ್ದಿಸಬೇಕು. ಸದಸ್ಯರು ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಗಂಡ ಅಥವಾ ಹೆಂಡತಿಗೆ ಮತ್ತು 25 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಪಿಂಚಣಿ ಬರುತ್ತದೆ. ಎಷ್ಟೋ ಮನೆಗಳಲ್ಲಿ ಇದು ಗೊತ್ತಿಲ್ಲದೆ, ಪಿಎಫ್ ಹಣ ಮಾತ್ರ ಪಡೆದು ಸುಮ್ಮನಾಗುತ್ತಾರೆ. ಅದಕ್ಕೆ ತುಂಬಬೇಕಾದ ನಮೂನೆ 10ಡಿ.